ಇರುವ ದುರ್ಬೀನು ಸಾಕೇ, ದುಬಾರಿಯದು ಬೇಕೇ?

ಈಗಿರುವ ದುರ್ಬೀನನ್ನು ಬದಿಗಿಟ್ಟು ಅದರ ಮೂರು ನಾಲ್ಕು ಪಟ್ಟು ಬೆಲೆಯದನ್ನು ಕೊಳ್ಳಲೇ ಎಂದು ಬೇಟೆಗೆ ಹೋಗುವವರು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಕಳೆದ ಸಲ ಪ್ರಾಣಿ ಸರಿಯಾಗಿ ಕಾಣದೆ ಹೋದದ್ದು ಎಷ್ಟು ಹೊತ್ತಿಗೆ? ಮಟಮಟ ಮಧ್ಯಾಹ್ನ ಎಂದಾದರೆ ತಪ್ಪು ಗಾಜಿನದ್ದಲ್ಲ. ಕೈ ನಡುಗಿರಬೇಕು, ಕಾದ ನೆಲದ ಮೇಲಿನ ಗಾಳಿ ಕುಣಿದಿರಬೇಕು, ಇಲ್ಲವೆ ನೋಡಬೇಕಾದ ಕಡೆ ನೀವು ನೋಡೇ ಇರಲಿಕ್ಕಿಲ್ಲ. ಇಳಿಬಿಸಿಲಿಗೆ ಎದುರಾಗಿ ನೋಡುತ್ತಿದ್ದಾಗ, ಅಥವಾ ಹೊತ್ತು ಮುಳುಗಿ ಕಾಡಿನಂಚು ಕಪ್ಪಾಗುತ್ತಿದ್ದಾಗ ಎಂದಾದರೆ ಮಾತು ಮುಂದುವರಿಸಲು ಕಾರಣವಿದೆ.

ಬೇಟೆಗೆ ಪರವಾನಗಿ ಸಿಗುವ ನಾಡುಗಳಲ್ಲಿ ಬೇಟೆಯಾಡುವವರನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೋವಿ ಹಿಡಿಯದೆ ಪ್ರಾಣಿ, ಹಕ್ಕಿ ನೋಡಲೆಂದೇ ಹೋಗುವವರಿಗೂ ಲೆಕ್ಕ ಬಹುಪಾಲು ಇದೇ. ಬೇರೆಯಾಗುವ ಕಡೆ ಹೇಳುತ್ತೇನೆ.

ದುಡ್ಡು ಬೇಡದ ರಿಪೇರಿ ಮೊದಲು

ನನ್ನ ಕೈಗೆ ಬಂದ ಪರರ ದುರ್ಬೀನುಗಳಲ್ಲಿ ಅರ್ಧಕ್ಕರ್ಧ ಕೊಳೆಯಾಗಿದ್ದವು. ಕಣ್ಣಿಗೆ ಹಿಡಿಯುವ ಕಡೆಯ ಮಸೂರದ, ಅಂದರೆ ನೇತ್ರಮಸೂರದ ಮೇಲೆ ರೆಪ್ಪೆಯ ಜಿಡ್ಡು, ಬೆವರು, ಬೆರಳಚ್ಚು. ಅದರ ಮೂಲಕ ನೋಡಿ "ಇದರಲ್ಲಿ ಏನೂ ಸ್ಪಷ್ಟ ಇಲ್ಲ" ಎನ್ನುವುದು ಗಾಜಿಗೆ ಮಾಡಿದ ಅನ್ಯಾಯ. ಮೊದಲು ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ, ಆಮೇಲೆ ಮೆತ್ತನೆಯ ಬ್ರಷ್ಷು, ಕಡೆಗೆ ಮಸೂರಕ್ಕೆಂದೇ ಇರುವ ಬಟ್ಟೆ. ಧೂಳಿದ್ದಾಗಲೇ ಅಂಗಿಯ ತುದಿಯಿಂದ ಉಜ್ಜಿದರೆ ಕೋಟಿಂಗಿನ ಮೇಲೆ ಗೀರು ಗ್ಯಾರಂಟಿ.

ಎರಡನೆಯದು ಡಯಾಪ್ಟರ್. ನಮ್ಮ ಎರಡು ಕಣ್ಣು ಒಂದೇ ಶಕ್ತಿಯವಲ್ಲ. ಆ ವ್ಯತ್ಯಾಸ ಸರಿದೂಗಿಸಲು ಸಾಮಾನ್ಯವಾಗಿ ಬಲಗಣ್ಣಿನ ಕಡೆ ಒಂದು ಉಂಗುರ ಇರುತ್ತದೆ, ಕೆಲವದರಲ್ಲಿ ನಡುವಿನ ಚಕ್ರದಲ್ಲೇ ಅಡಗಿರುತ್ತದೆ. ಬಲ ಕೊಳವೆಯ ಮುಂದಿನ ಮಸೂರವನ್ನು ಅಂಗೈಯಿಂದ ಮುಚ್ಚಿ, ದೂರದ ಒಂದು ರೆಂಬೆಯನ್ನು ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡವನ್ನು ಮುಚ್ಚಿ, ಚಕ್ರ ಮುಟ್ಟದೆ, ಅದೇ ರೆಂಬೆಯನ್ನು ಡಯಾಪ್ಟರ್ ಉಂಗುರದಿಂದ ಬಲಗಣ್ಣಿಗೆ ಸ್ಪಷ್ಟ ಮಾಡಿ. ಎರಡು ನಿಮಿಷದ ಕೆಲಸ. ವರ್ಷಗಟ್ಟಲೆ ಇದನ್ನು ಮುಟ್ಟದೇ ಇದ್ದವರು ಇದೊಂದನ್ನು ಮಾಡಿ "ಹೊಸದು ತಂದಷ್ಟೇ ಆಯಿತು" ಎಂದದ್ದನ್ನು ನಾನೇ ಕೇಳಿದ್ದೇನೆ.

ಮೂರನೆಯದೇ ದೊಡ್ಡದು: ಆನಿಕೆ. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಆರ್ಕ್ ಮಿನಿಟ್ (ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು), ಅಂದರೆ 60 ಆರ್ಕ್ ಸೆಕೆಂಡು. ಹತ್ತು ಪಟ್ಟು ಹಿಗ್ಗಿಸುವ ದುರ್ಬೀನು ಹಿಡಿದರೆ ಅದು 6 ಸೆಕೆಂಡಿಗೆ ಇಳಿಯುತ್ತದೆ. 42 ಮಿಲಿಮೀಟರ್ ಅಗಲದ ಮಸೂರವೋ, ಬೆಳಕಿನ ಸ್ವಭಾವದ ಮಿತಿಯಲ್ಲಿ ಸುಮಾರು 2.8 ಸೆಕೆಂಡಿನವರೆಗೆ ಬಿಡಿಸಬಲ್ಲದು. ಎಂದರೆ ಚಿತ್ರದ ನಟ್ಟನಡುವೆ ಸಾಧಾರಣ ಬೆಲೆಯ ದುರ್ಬೀನಿಗೂ ನಿಮ್ಮ ಕಣ್ಣಿಗಿಂತ ಹೆಚ್ಚು ವಿವರ ಕೊಡಲು ಜಾಗವಿದೆ. ಅದನ್ನು ಕಣ್ಣಿಗೆ ತಲುಪದಂತೆ ಮಾಡುವುದು ಕೈಯ ನಡುಕ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕೈ ನಿಲ್ಲದವರು ಗಾಜನ್ನು ಬೈಯುತ್ತೇವೆ.

ಒಮ್ಮೆ ಜೊತೆಗಾರನೊಬ್ಬನ ಕೊರಳಲ್ಲಿ ಅತ್ಯುತ್ತಮ ದರ್ಜೆಯ 10×42 (ಹತ್ತು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿಲಿಮೀಟರ್ ಅಗಲದ್ದು) ಇತ್ತು, ನನ್ನದು ಅದರ ಕಾಲುಭಾಗವೂ ಬೆಲೆಯಿಲ್ಲದ 10×42, ಆದರೆ ಟ್ರೈಪಾಡಿನ ಮೇಲೆ. ಎದುರು ಗುಡ್ಡದಲ್ಲಿ ಮಲಗಿದ್ದ ಗಂಡು ಜಿಂಕೆಯ ಕೊಂಬಿನ ಕವಲುಗಳನ್ನು ನಾನು ಎಣಿಸಿ ಮುಗಿಸಿದಾಗ ಅವನು ಇನ್ನೂ "ಕೊಂಬು ಇದೆಯೋ ಒಣಕೊಂಬೆಯೋ" ಎನ್ನುತ್ತಿದ್ದ. ಜಾಗ ಬದಲಿಸಿಕೊಂಡೆವು. ಆಗ ಗೆದ್ದದ್ದು ಅವನ ಗಾಜು, ಅದೂ ನನ್ನ ಟ್ರೈಪಾಡಿನ ಮೇಲೆ. ಬಹುತೇಕ ದುರ್ಬೀನುಗಳ ನಡುಕೀಲಿನ ಮುಂದುಗಡೆ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದನ್ನು ತಿರುಗಿಸಿ ತೆಗೆದರೆ ಟ್ರೈಪಾಡಿಗೆ ಜೋಡಿಸುವ ಅಡಾಪ್ಟರ್ ಕೂರಿಸುವ ತೂತು ಕಾಣುತ್ತದೆ. ದುರ್ಬೀನು ಕೊಂಡು ಹತ್ತು ವರ್ಷವಾದರೂ ಆ ಮುಚ್ಚಳ ತೆಗೆಯದವರು ಇದ್ದಾರೆ. ಟ್ರೈಪಾಡು ಹೊರಲು ಮನಸ್ಸಿಲ್ಲದಿದ್ದರೆ ನೆಲಕ್ಕೆ ಕೂತು ಮೊಣಕೈಯನ್ನು ಮೊಣಕಾಲಿಗೆ ಊರಿ, ಊರುಗೋಲಿನ ತುದಿಗೆ ದುರ್ಬೀನು ಆನಿಸಿ. ಅಷ್ಟರಿಂದಲೇ ಬಹಳ ಬದಲಾಗುತ್ತದೆ.

ಇವು ಮೂರೂ ಆದ ಮೇಲೂ ಅತೃಪ್ತಿ ಉಳಿದಿದ್ದರೆ ಮುಂದೆ ಓದಿ.

ಬೆಳಕಿನ ಲೆಕ್ಕ: ಎಂಟು ಪರ್ಸೆಂಟು ಎಲ್ಲಿ, ಐವತ್ತಾರು ಎಲ್ಲಿ

ದುಬಾರಿ ದುರ್ಬೀನಿನ ಜಾಹೀರಾತೆಲ್ಲ ಬೆಳಕಿನ ಸುತ್ತಲೇ. ಅದರಲ್ಲಿ ಸತ್ಯವಿದೆ. ಬರಿಗಾಜಿನ ಪ್ರತಿ ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು 4 ಪರ್ಸೆಂಟನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಕೊಳವೆಯಲ್ಲಿ ಇಂಥ ಹನ್ನೆರಡು ಮೈ ಇದ್ದರೆ ಕಣ್ಣು ಮುಟ್ಟುವುದು ನೂರರಲ್ಲಿ 61 ಮಾತ್ರ. ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ 1935ರಲ್ಲಿ ಪ್ರತಿಫಲನ ತಗ್ಗಿಸುವ ತೆಳುಲೇಪಕ್ಕೆ ಪೇಟೆಂಟ್ ಮಾಡಿಸಿದ ಮೇಲೆ ಈ ಚಿತ್ರ ಬದಲಾಯಿತು. ಒಂದರ ಮೇಲೊಂದು ಹಲವು ಪದರ ಲೇಪಿಸುವ ಇಂದಿನ ಕಾಲದಲ್ಲಿ ಒಳ್ಳೆಯ ಮಧ್ಯಮ ದರ್ಜೆಯದು 85ರ ಆಸುಪಾಸು, ಮೇಲ್ದರ್ಜೆಯದು 90ರಿಂದ 95ರವರೆಗೆ ದಾಟಿಸುತ್ತದೆ.

ಆದರೆ 85 ಮತ್ತು 92ರ ನಡುವಿನ ವ್ಯತ್ಯಾಸ ಎಷ್ಟು? ಸುಮಾರು 8 ಪರ್ಸೆಂಟು. ನಮ್ಮ ಕಣ್ಣು ಬೆಳಕನ್ನು ತಕ್ಕಡಿಯಂತೆ ತೂಗುವುದಿಲ್ಲ. ಬೆಳಕು ಇಮ್ಮಡಿಯಾದರೂ ಅದಕ್ಕೆ ಇಮ್ಮಡಿ ಅನ್ನಿಸುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ "ಹೌದು, ಇದು ಒಂದು ಕೂದಲೆಳೆ ಬೆಳ್ಳಗಿದೆ" ಎನ್ನಬಹುದು, ಬೇರೆ ಬೇರೆ ದಿನ ನೋಡಿದರೆ ಗೊತ್ತೇ ಆಗದು.

ಈಗ ಇನ್ನೊಂದು ಲೆಕ್ಕ ನೋಡಿ. ಮಸೂರದ ಅಗಲವನ್ನು ಹಿಗ್ಗಿಸುವ ಶಕ್ತಿಯಿಂದ ಭಾಗಿಸಿದರೆ ಬರುವುದೇ ಎಕ್ಸಿಟ್ ಪ್ಯೂಪಿಲ್, ಅಂದರೆ ದುರ್ಬೀನಿನಿಂದ ಹೊರಬೀಳುವ ಬೆಳಕಿನ ಕಂಬದ ಅಗಲ. ತೋಳು ಚಾಚಿ ದುರ್ಬೀನನ್ನು ಆಕಾಶಕ್ಕೆ ಹಿಡಿದರೆ ನೇತ್ರಮಸೂರದಲ್ಲಿ ಕಾಣುವ ಬಿಳಿಯ ಬಿಲ್ಲೆ ಅದೇ. 10×42ರಲ್ಲಿ ಅದು 4.2 ಮಿಲಿಮೀಟರ್, 8×42ರಲ್ಲಿ 5.25. ಬಿಲ್ಲೆಯ ವಿಸ್ತೀರ್ಣ ಹೋಲಿಸಿದರೆ ಎರಡನೆಯದು 56 ಪರ್ಸೆಂಟು ಹೆಚ್ಚು. ಒಂದೇ ಬೆಲೆಯ, ಒಂದೇ ದರ್ಜೆಯ ಗಾಜಿನಲ್ಲಿ ಬರೀ ಅಂಕಿ ಬದಲಿಸಿದ್ದಕ್ಕೆ! 8 ಪರ್ಸೆಂಟಿಗಾಗಿ ನಾಲ್ಕು ಪಟ್ಟು ತೆರುವ ಮುನ್ನ ಈ 56ನ್ನು ಯೋಚಿಸದಿರುವುದು ನನಗೆ ಅರ್ಥವಾಗದ ವ್ಯವಹಾರ.

ಇದಕ್ಕೊಂದು ಷರತ್ತು ಉಂಟು. ಹೊರಬಿದ್ದ ಬೆಳಕನ್ನು ಒಳಗೆ ಬಿಟ್ಟುಕೊಳ್ಳಲು ನಿಮ್ಮ ಕಣ್ಣಿನ ಪಾಪೆ ಅಷ್ಟು ಹಿಗ್ಗಬೇಕು. ಎಳೆಯ ವಯಸ್ಸಿನಲ್ಲಿ ಕತ್ತಲಲ್ಲಿ ಪಾಪೆ 7 ಮಿಲಿಮೀಟರಿನವರೆಗೆ ಅರಳುತ್ತದೆ. ವಯಸ್ಸಾದಂತೆ ಅದು ಕುಗ್ಗುತ್ತದೆ. ಐವತ್ತು ದಾಟಿದ ಹಲವರಲ್ಲಿ 5ರ ಹತ್ತಿರಕ್ಕೇ ನಿಲ್ಲುತ್ತದೆ, ಕೆಲವರಲ್ಲಿ ಇನ್ನೂ ಕಡಿಮೆ. ಆಳಿಗೊಂದು ಅಳತೆ, ಆದ್ದರಿಂದ ಕಣ್ಣಿನ ಡಾಕ್ಟರ ಬಳಿ ಹೋದಾಗ ಅಳೆಯಲು ಹೇಳಿ. ಪಾಪೆ 5ಕ್ಕೇ ನಿಲ್ಲುವವರು 7 ಮಿಲಿಮೀಟರ್ ಬೆಳಕು ಸುರಿಸುವ 8×56 ಹೊತ್ತು ತಿರುಗಿದರೆ ಚೊಂಬಿಗೆ ಒಂದು ಕೊಡ ನೀರು ಸುರಿದ ಹಾಗೆ, ಹೆಚ್ಚಿನದೆಲ್ಲ ಹೊರಗೆ.

ಕೆಟಲಾಗುಗಳಲ್ಲಿ ಟ್ವೈಲೈಟ್ ಫ್ಯಾಕ್ಟರ್ ಎಂಬ ಇನ್ನೊಂದು ಅಂಕಿ ಕಾಣುತ್ತದೆ: ಶಕ್ತಿಯನ್ನೂ ಅಗಲವನ್ನೂ ಗುಣಿಸಿ ವರ್ಗಮೂಲ ತೆಗೆದದ್ದು. 8×42ಕ್ಕೆ 18.3, 10×42ಕ್ಕೆ 20.5, 8×56ಕ್ಕೆ 21.2. ಮಬ್ಬಿನಲ್ಲಿ ಬೆಳಕಷ್ಟೇ ಅಲ್ಲ, ಹಿಗ್ಗಿಸುವುದೂ ನೆರವಾಗುತ್ತದೆ ಎಂಬುದು ಇದರ ಹಿಂದಿನ ನಿಜ. 10×42 ಹಿಡಿದವರು ಮುಸ್ಸಂಜೆಯಲ್ಲಿ ಪೂರ್ತಿ ಸೋಲದಿರಲು ಅದೇ ಕಾರಣ. ಆದರೆ ಈ ಸೂತ್ರವನ್ನೊಂದೇ ನಂಬಿದರೆ 20×20 ಎಂಬ ಆಟಿಕೆಗೆ 20 ಅಂಕ ಸಿಕ್ಕಿ 8×42ವನ್ನು ಹಿಂದೆ ಹಾಕುತ್ತದೆ. ಒಂದು ಮಿಲಿಮೀಟರಿನ ಬೆಳಕಿನಲ್ಲಿ ಸಂಜೆ ಏನು ಕಂಡೀತು? ಗಾಜು ಎಂಥದು ಎಂಬುದಂತೂ ಈ ಅಂಕಿಗೆ ಗೊತ್ತೇ ಇಲ್ಲ.

ಹಾಗಾದರೆ ದುಡ್ಡು ಯಾವುದಕ್ಕೆ?

ಬೆಳಕಿಗಲ್ಲ, ಬೇಡದ ಬೆಳಕನ್ನು ಹೊರಗಿಡುವುದಕ್ಕೆ. ನನ್ನ ಮಟ್ಟಿಗೆ ಮೇಲ್ದರ್ಜೆಯ ದುರ್ಬೀನಿನ ನಿಜವಾದ ಬೆಲೆ ಇರುವುದು ಇಲ್ಲಿ.

ಪ್ರಾಣಿಗಳು ಹೊರಬರುವುದು ನಸುಕಿನಲ್ಲಿ ಮತ್ತು ಸಂಜೆ. ಸೂರ್ಯ ನೆಲಕ್ಕೆ ಹತ್ತಿರವಾಗಿ ಓರೆಯಾಗಿ ಬೀಳುವುದೂ ಆಗಲೇ. ಆ ಓರೆಬೆಳಕು ಮಸೂರದೊಳಗೆ ನುಗ್ಗಿ, ಕೊಳವೆಯ ಗೋಡೆಗೆ, ಪ್ರಿಸಮ್ಮಿನ ಅಂಚಿಗೆ, ಮಸೂರದ ಪಕ್ಕೆಗೆ ಬಡಿದು ಚೆದುರಿ, ಚಿತ್ರದ ಮೇಲೆಲ್ಲ ಹಾಲು ಚೆಲ್ಲಿದಂತೆ ಒಂದು ಬಿಳಿಯ ತೆರೆ ಎಳೆಯುತ್ತದೆ. ಚಿತ್ರ ಬೆಳ್ಳಗೇ ಇರುತ್ತದೆ, ಆದರೆ ಕಪ್ಪು ಕಪ್ಪಾಗಿರುವುದಿಲ್ಲ. ಪೊದೆಯ ನೆರಳಲ್ಲಿ ನಿಂತ ಕಂದು ಮೈ ಆ ಬಿಳಿಯಲ್ಲಿ ಕರಗಿಹೋಗುತ್ತದೆ. ಇದನ್ನು ತಡೆಯಲು ಕೊಳವೆಯೊಳಗೆ ತಡೆಬಳೆಗಳನ್ನು ಸರಿಯಾದ ಜಾಗದಲ್ಲಿ ಕೂರಿಸಬೇಕು, ಮಸೂರಗಳ ಅಂಚಿಗೆ ಕಪ್ಪು ಹಚ್ಚಬೇಕು, ಪ್ರಿಸಮ್ಮಿನ ಬಾಯಿಗೆ ಚೌಕಟ್ಟು ಕೊಡಬೇಕು, ಇಷ್ಟನ್ನೂ ಪ್ರತಿಯೊಂದು ದುರ್ಬೀನಿನಲ್ಲೂ ಒಂದೇ ಸಮ ಮಾಡಬೇಕು. ಇದು ಕೆಟಲಾಗಿನ ಯಾವ ಅಂಕಿಯಲ್ಲೂ ಕಾಣದ ಕೆಲಸ. ದುಬಾರಿಯವೆಲ್ಲ ಇದರಲ್ಲಿ ಗೆಲ್ಲುತ್ತವೆ ಎಂದಲ್ಲ. ಹೆಸರುವಾಸಿ ಮಾದರಿಗಳಲ್ಲೂ ಚಿತ್ರದ ಕೆಳಅಂಚಿನಲ್ಲಿ ಬಿಳಿ ಬಾಳೆಹಣ್ಣಿನಂಥ ಕಲೆ ಮೂಡುವುದನ್ನು ನೋಡಿದ್ದೇನೆ. ಆದ್ದರಿಂದ ನಿಮ್ಮ ಕಣ್ಣು, ನಿಮ್ಮ ಮುಖದ ಅಳತೆಗೆ ಹಿಡಿದೇ ನೋಡಬೇಕು.

ಎರಡನೆಯದು ಪ್ರಿಸಂ. ಅದರ ಕತೆ ಸ್ವಲ್ಪ ಉದ್ದ. ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಪ್ರಿಸಂ ಜೋಡಣೆಗೆ ಇಟಲಿಯ ಇಗ್ನಾಜಿಯೊ ಪೋರೊ 1854ರಲ್ಲಿ ಪೇಟೆಂಟ್ ಪಡೆದ. ಭೌತವಿಜ್ಞಾನಿ ಎರ್ನ್‌ಸ್ಟ್ ಅಬ್ಬೆಯ ಮುಂದಾಳತ್ವದಲ್ಲಿ ಝೈಸ್ 1894ರಲ್ಲಿ ಅಂಥ ದುರ್ಬೀನುಗಳನ್ನು ಮಾರುಕಟ್ಟೆಗೆ ತಂದಿತು. ಭುಜ ಉಬ್ಬಿದ ಹಳೆಯ ಆಕಾರದ ದುರ್ಬೀನು ಇದೇ. ಈಗ ಬಹುತೇಕ ಎಲ್ಲರ ಕೊರಳಲ್ಲಿರುವ ನೇರ ಕೊಳವೆಯದರಲ್ಲಿ ಇರುವುದು ರೂಫ್ ಪ್ರಿಸಂ. ಮನೆಯ ಮಾಡಿನಂಥ ಅದರ ಏಣು ಬೆಳಕನ್ನು ಎರಡಾಗಿ ಸೀಳಿ ಮತ್ತೆ ಕೂಡಿಸುತ್ತದೆ. ಕೂಡುವಾಗ ಎರಡೂ ಹೆಜ್ಜೆ ತಪ್ಪಿರುತ್ತವೆ, ಅದರಿಂದ ಸೂಕ್ಷ್ಮ ವಿವರ ಮಸುಕಾಗುತ್ತದೆ. ಆ ಹೆಜ್ಜೆ ಸರಿಪಡಿಸುವ ಫೇಸ್ ಕೋಟಿಂಗನ್ನು ಝೈಸ್ 1988ರಲ್ಲಿ ತಂದಿತು. ಜೊತೆಗೆ, ಹೆಚ್ಚಾಗಿ ಬಳಕೆಯಲ್ಲಿರುವ ಶ್ಮಿಟ್-ಪೆಖಾನ್ ಮಾದರಿಯ ರೂಫ್ ಪ್ರಿಸಮ್ಮಿನ ಒಂದು ಮೈಗೆ ಕನ್ನಡಿಯ ಲೇಪ ಬೇಕೇ ಬೇಕು. ಅಲ್ಯೂಮಿನಿಯಂ ಆದರೆ ನಷ್ಟ ಹೆಚ್ಚು, ಬೆಳ್ಳಿ ಅದಕ್ಕಿಂತ ಮೇಲು, ಲೋಹವಿಲ್ಲದೆ ಹಲವು ತೆಳುಪದರಗಳಿಂದ ಆದ ಡೈಎಲೆಕ್ಟ್ರಿಕ್ ಲೇಪವಾದರೆ 99 ಪರ್ಸೆಂಟಿಗೂ ಮಿಕ್ಕಿ ಹಿಂತಿರುಗಿಸುತ್ತದೆ. ಅಬ್ಬೆ-ಕೋನಿಗ್ ಎಂಬ ಉದ್ದನೆಯ ಪ್ರಿಸಮ್ಮಿಗೆ ಕನ್ನಡಿಯೇ ಬೇಡ. ದೊಡ್ಡ 56 ಮಿಲಿಮೀಟರಿನ ಕೆಲವು ದುರ್ಬೀನುಗಳು ಉದ್ದ ಇರುವುದು ಅದಕ್ಕೇ.

ಮೂವತ್ತು ವರ್ಷದ ಹಿಂದೆ ಫೇಸ್ ಕೋಟಿಂಗು, ಒಳ್ಳೆಯ ಕನ್ನಡಿ ಎರಡೂ ಶ್ರೀಮಂತರ ಸೊತ್ತು. ಈಗ ಮಧ್ಯಮ ದರ್ಜೆಯ ನಿಕಾನ್, ವೋರ್ಟೆಕ್ಸ್ ದುರ್ಬೀನುಗಳಲ್ಲೂ ಇವೆ, ಬಣ್ಣದ ಅಂಚು ತಗ್ಗಿಸುವ ಇಡಿ (ED) ಗಾಜೂ ಇದೆ. ಮೇಲ್ದರ್ಜೆಯ, ಆಸ್ಟ್ರಿಯದ ಸ್ವರೋವ್ಸ್ಕಿ, ಜರ್ಮನಿಯ ಝೈಸ್, ಲೈಕಾಗಳಿಗೂ ಇವಕ್ಕೂ ನಡುವಿನ ಅಂತರ ಕುಗ್ಗಿದ್ದು ಹೀಗೆ. ಹಳೆಯವರು "ಒಮ್ಮೆ ಜರ್ಮನ್ ಗಾಜಿನಲ್ಲಿ ನೋಡು, ಆಮೇಲೆ ಮಾತಾಡು" ಎನ್ನುತ್ತಿದ್ದುದು ಅವರ ಕಾಲಕ್ಕೆ ಪೂರ್ತಿ ನಿಜವಾಗಿತ್ತು. ಇಂದಿಗೆ ಅರ್ಧ ನಿಜ.

ಮೂರನೆಯದು ಕಾಣುವ ಅಗಲ. ಸ್ವರೋವ್ಸ್ಕಿಯ ಎನ್‌ಎಲ್ ಪ್ಯೂರ್ 8×42 ಒಂದು ಕಿಲೋಮೀಟರ್ ದೂರದಲ್ಲಿ 159 ಮೀಟರ್ ಅಗಲ ತೋರಿಸುತ್ತದೆ, ಝೈಸ್ ವಿಕ್ಟರಿ ಎಸ್‌ಎಫ್ 148. ಸಾಮಾನ್ಯ 8×42ಗಳು 125ರಿಂದ 130ರ ಆಸುಪಾಸು. ಮಧ್ಯಮ ದರ್ಜೆಯಲ್ಲೂ 140 ದಾಟುವವು ಈಗ ಸಿಗುತ್ತವೆ, ಆದರೆ ಅವುಗಳಲ್ಲಿ ಹಲವದರ ಅಂಚು ಮಸುಕು. ಕೈಯಲ್ಲಿ ಹಿಡಿದು ನೋಡುವಾಗ ಅಂಚಿನ ಮಸುಕು ದೊಡ್ಡ ವಿಷಯವಲ್ಲ, ಬೇಕಾದ್ದನ್ನು ನಾವು ತಾನಾಗಿ ನಡುವಿಗೆ ತಂದುಕೊಳ್ಳುತ್ತೇವೆ. ಟ್ರೈಪಾಡಿನ ಮೇಲೆ ಆಟ ಬೇರೆ. ಅಲ್ಲಿ ದುರ್ಬೀನು ಅಲುಗುವುದಿಲ್ಲ, ಕಣ್ಣು ಓಡಾಡುತ್ತದೆ. ಮೂಲೆಯಲ್ಲಿ ಅಲ್ಲಾಡಿದ ಒಂದು ಕಿವಿ ಕಣ್ಣಿಗೆ ಬೀಳಬೇಕಾದರೆ ಮೂಲೆಯೂ ಚೊಕ್ಕಟವಾಗಿರಬೇಕು. ಹಾರುವ ಹಕ್ಕಿಯ ಬೆನ್ನು ಹತ್ತುವವರಿಗೂ ಅಗಲ ವರವೇ. ಅಂಚಿನವರೆಗೆ ಚಪ್ಪಟೆ ಮಾಡಿದ ಕೆಲವು ದುರ್ಬೀನುಗಳನ್ನು ಅಡ್ಡಡ್ಡ ಬೀಸಿದರೆ ಲೋಕವೇ ಉರುಳುವ ಗುಂಡಿನ ಮೇಲಿದ್ದಂತೆ ಕಂಡು ಕೆಲವರಿಗೆ ತಲೆ ತಿರುಗುತ್ತದೆ. ಕೊಳ್ಳುವ ಮೊದಲೇ ಬೀಸಿ ನೋಡಿ.

ಕಡೆಯದು ಕಣ್ಣಿನ ದಣಿವು. ಎರಡು ಕೊಳವೆಗಳು ಒಂದೇ ಕಡೆ ನೋಡುತ್ತಿರಬೇಕು. ಚೂರು ಓರೆಯಾದರೆ ಚಿತ್ರ ಎರಡಾಗಿ ಕಾಣುವುದಿಲ್ಲ, ಮಿದುಳು ಹೇಗೋ ಹೊಂದಿಸಿಕೊಳ್ಳುತ್ತದೆ. ಹೊಂದಿಸಿ ಹೊಂದಿಸಿ ಅರ್ಧ ಗಂಟೆಯಲ್ಲಿ ಹುಬ್ಬಿನ ಮೇಲೆ ನೋವು ಶುರು. ದೂರದ ವಿದ್ಯುತ್ ತಂತಿಯಂಥ ಅಡ್ಡಗೆರೆಯನ್ನು ನೋಡುತ್ತ ದುರ್ಬೀನನ್ನು ಮೆಲ್ಲಗೆ ಕಣ್ಣಿನಿಂದ ಒಂದು ಗೇಣು ದೂರ ತನ್ನಿ. ಎರಡು ಬಿಲ್ಲೆಗಳಲ್ಲೂ ಗೆರೆ ಒಂದೇ ಎತ್ತರದಲ್ಲಿದ್ದರೆ ಸರಿ, ಮೆಟ್ಟಿಲಾಗಿದ್ದರೆ ಬೇಡ. ಮಧ್ಯಮ ದರ್ಜೆಯಲ್ಲಿ ಒಂದೇ ಮಾದರಿಯ ಎರಡು ದುರ್ಬೀನುಗಳೂ ಬೇರೆಬೇರೆಯಾಗಿರಬಹುದು. ದುಬಾರಿಯದರಲ್ಲಿ ನೀವು ತೆರುವ ದುಡ್ಡಿನ ಒಂದು ಪಾಲು ಈ ತಪಾಸಣೆಗೆ. ದಿನಕ್ಕೆ ಐದಾರು ಗಂಟೆ ಗುಡ್ಡದೆದುರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವವರಿಗೆ ಇದೊಂದೇ ಸಾಕಷ್ಟು ಕಾರಣ. ದಿನಕ್ಕೆ ಹತ್ತು ನಿಮಿಷ ನೋಡುವವರಿಗೆ ಅಲ್ಲ.

ನೆಲ, ನಿಯಮ, ನಡಿಗೆ

ದಟ್ಟ ಕಾಡಿನಲ್ಲಿ ನೂರು ಮೀಟರಿನಾಚೆ ಕಾಣುವುದೇ ಕಡಿಮೆ. ಅಲ್ಲಿ 7 ಅಥವಾ 8ರ ಶಕ್ತಿ ಧಾರಾಳ. ದಿನವಿಡೀ ನಡೆಯುವವರಿಗೆ ಐನೂರು ಆರುನೂರು ಗ್ರಾಮಿನ 8×32 ಸುಖ, ಮುಸ್ಸಂಜೆಯ ಕೊನೆಯ ಕೆಲವು ನಿಮಿಷ ಬಿಟ್ಟುಕೊಡಲು ಒಪ್ಪಿದರೆ. ಬೋಳು ಗುಡ್ಡಗಳ ಸೀಮೆಯಲ್ಲಿ, ಉದಾಹರಣೆಗೆ ಉತ್ತರ ಅಮೆರಿಕದ ಪಶ್ಚಿಮದ ಪರ್ವತಗಳಲ್ಲಿ, ಕೊರಳಿಗೊಂದು 10×42, ಟ್ರೈಪಾಡಿಗೊಂದು 15×56 ಎಂಬ ಜೋಡಿ ಬಳಕೆಯಲ್ಲಿದೆ. ಅಲ್ಲಿ ದುಬಾರಿ ದುಡ್ಡು ಸುರಿಯುವುದಿದ್ದರೆ ಟ್ರೈಪಾಡಿನ ಮೇಲೆ ಕೂರುವುದಕ್ಕೆ ಸುರಿಯಿರಿ, ಕೊರಳಿನದು ಮಧ್ಯಮದ್ದೇ ಇರಲಿ. ಹಲವರು ಇದರ ಉಲ್ಟಾ ಮಾಡುತ್ತಾರೆ.

ಕಾನೂನನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಸಮಯ ಸೂರ್ಯಾಸ್ತದ ಅರ್ಧ ಗಂಟೆಯ ನಂತರ ಮುಗಿಯುತ್ತದೆ. ಮೋಡ, ದಟ್ಟ ಮರಗಳ ನೆರಳು ಇಲ್ಲದಿದ್ದರೆ ಆ ಹೊತ್ತಿಗೆ ಒಳ್ಳೆಯ 8×42 ಇನ್ನೂ ಕೆಲಸ ಮಾಡುತ್ತಿರುತ್ತದೆ. ಜರ್ಮನಿಯಲ್ಲಾದರೆ ಕಾಡುಹಂದಿಯನ್ನು ರಾತ್ರಿಯೂ ಬೇಟೆಯಾಡಬಹುದು. ಅಟ್ಟಣೆಯ ಮೇಲೆ ಬೆಳದಿಂಗಳಲ್ಲಿ ಕಾಯುವ ಅಲ್ಲಿನವರಿಗೆ 8×56 ತಲೆಮಾರುಗಳ ಹಳೆಯ ಸಂಗಾತಿ. ಒಂದು ಕಿಲೋ ಮೀರುವ ಅದರ ಭಾರ ಕೂತವರಿಗೆ ಹೊರೆಯಲ್ಲ. ನಿಮ್ಮ ಬೇಟೆ ಕಾನೂನಿನ ಗಡಿಯಾರಕ್ಕೆ ಬೇಗ ಮುಗಿಯುವುದಾದರೆ, ಆಮೇಲಿನ ಕತ್ತಲೆಯಲ್ಲಿ ಕಾಣುವ ಗಾಜಿಗೆ ದುಡ್ಡು ಕೊಟ್ಟು ಏನು ಮಾಡುತ್ತೀರಿ?

ಕೋವಿಯ ಮೇಲಿನ ಸ್ಕೋಪೇ ಇದೆಯಲ್ಲ, ದುರ್ಬೀನಿಗೆ ಯಾಕೆ ಅಷ್ಟು ಎನ್ನುವವರೂ ಇದ್ದಾರೆ. ಸ್ಕೋಪು ತಿರುಗಿದ ಕಡೆ ನಳಿಗೆಯೂ ತಿರುಗುತ್ತದೆ. ಪೊದೆಯಲ್ಲಿ ಅಲ್ಲಾಡಿದ್ದು ಪ್ರಾಣಿಯೋ ಮನುಷ್ಯನೋ ಎಂದು ಸ್ಕೋಪಿನಲ್ಲಿ ನೋಡುವುದೆಂದರೆ ಮನುಷ್ಯನ ಮೇಲೆ ಕೋವಿ ಗುರಿಯಿಟ್ಟು ನೋಡುವುದು. ಹುಡುಕುವುದು, ಗುರುತಿಸುವುದು, ಅದರ ಹಿಂದೆ ಏನಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ದುರ್ಬೀನಿನ ಕೆಲಸ. ಅದು ಅಗ್ಗದ್ದಾದರೂ ಸರಿ, ಇರಲೇಬೇಕು.

ಕನ್ನಡಕ ಹಾಕುವವರು ಐ ರಿಲೀಫ್, ಅಂದರೆ ಪೂರ್ತಿ ಚಿತ್ರ ಕಾಣಲು ಕಣ್ಣು ನೇತ್ರಮಸೂರದಿಂದ ಇರಬೇಕಾದ ದೂರದ ಅಂಕಿ ನೋಡಿಕೊಳ್ಳಿ: 16 ಮಿಲಿಮೀಟರಿಗೆ ಕಡಿಮೆಯಾದರೆ ಚಿತ್ರದ ಸುತ್ತಳತೆ ಕತ್ತರಿಸಿಹೋಗುವ ಸಾಧ್ಯತೆ ಹೆಚ್ಚು. ಮಸೂರ ತೀರ ಒಳಗೆ ಹುದುಗಿದ್ದರೆ ಕಾಗದದ ಮೇಲಿನ 17 ಕೂಡ ಕಣ್ಣಿಗೆ 14 ಆಗಿಬಿಡುತ್ತದೆ. ಹೊಂದದ ದುಬಾರಿಗಿಂತ ಹೊಂದುವ ಅಗ್ಗದ್ದು ವಾಸಿ.

ನಡುವಿನ ದಾರಿಗಳು

ಹಳೆಯ ಮೇಲ್ದರ್ಜೆಯದನ್ನು ಎರಡನೇ ಕೈಯಲ್ಲಿ ಕೊಳ್ಳುವುದು ನನಗೆ ಇಷ್ಟದ ದಾರಿ, ಎಚ್ಚರ ಇದ್ದರೆ. ರೂಫ್ ಪ್ರಿಸಮ್ಮಿನದಾದರೆ ಫೇಸ್ ಕೋಟಿಂಗ್ ಬರುವ ಮೊದಲಿನದು ಬೇಡ, ಹೆಸರು ಎಷ್ಟೇ ದೊಡ್ಡದಿರಲಿ. ಮುಂದಿನ ಮಸೂರದಿಂದ ಟಾರ್ಚು ಹಾಯಿಸಿ ಹಿಂದಿನಿಂದ ನೋಡಿ: ಜೇಡರ ಬಲೆಯಂಥ ಎಳೆಗಳಿದ್ದರೆ ಬೂಷ್ಟು, ಮಂಜಿನಂತಿದ್ದರೆ ಒಳಗೆ ತೇವ ಹೊಕ್ಕಿದೆ, ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಪದರವಿದ್ದರೆ ಅಂಟಿಸಿದ ಮಸೂರಗಳು ಬಿಡುತ್ತಿವೆ. ತಂತಿಯ ಪರೀಕ್ಷೆಯನ್ನೂ ಮಾಡಿ. ವಾರಂಟಿ ಮೊದಲು ಕೊಂಡವರಿಗೆ ಮಾತ್ರವೋ, ದುರ್ಬೀನಿಗೋ ಎಂದು ಕೇಳಿ, ಕಂಪನಿಗೊಂದು ರೀತಿ.

ಕೈ ನಡುಗುವವರಿಗೆ, ಟ್ರೈಪಾಡು ಒಗ್ಗದವರಿಗೆ ಅಲುಗಾಟ ತಡೆಯುವ ಎಲೆಕ್ಟ್ರಾನಿಕ್ ದುರ್ಬೀನು ಇದೆ. ಕ್ಯಾನನ್‌ನ 10×42 ಎಲ್ ಐಎಸ್ ಈ ಬಗೆಯಲ್ಲಿ ಹೆಸರಾದದ್ದು. ಗುಂಡಿ ಒತ್ತಿದೊಡನೆ ಚಿತ್ರ ನಿಂತುಬಿಡುವುದನ್ನು ಮೊದಲ ಸಲ ನೋಡಿದವರು ಬೆರಗಾಗದೆ ಇರುವುದಿಲ್ಲ. ಒಂದು ಕಿಲೋಗಿಂತ ಹೆಚ್ಚು ಭಾರ, ಬ್ಯಾಟರಿಯ ಹಂಗು ಇದರ ತಾಪತ್ರಯ. ಆದರೂ ವಿವರ ಕಾಣುವುದೇ ಗುರಿಯಾದರೆ ನಡುಗುವ ಕೈಯಲ್ಲಿನ ಯಾವ ಆಸ್ಟ್ರಿಯನ್ ಗಾಜಿಗಿಂತಲೂ ಇದು ಹೆಚ್ಚು ತೋರಿಸುತ್ತದೆ.

ದೂರ ಅಳೆಯುವ ಲೇಸರ್ ಕೂಡಿಸಿದ ದುರ್ಬೀನಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಒಂದೇ ಸಾಧನದಲ್ಲಿ ಎರಡು ಕೆಲಸ ಆಗುವುದು ನಿಜ, ಪ್ರಾಣಿ ಕಂಡೊಡನೆ ಕೈ ಬದಲಿಸದೆ ದೂರ ಸಿಗುವುದೂ ನಿಜ. ಆದರೆ ಬೆಳಕನ್ನು ಪಾಲು ಮಾಡುವ ವ್ಯವಸ್ಥೆ ಒಳಗಿರುವುದರಿಂದ ಚಿತ್ರಕ್ಕೆ ತುಸು ಬಣ್ಣ ಹತ್ತುತ್ತದೆ, ಎಲೆಕ್ಟ್ರಾನಿಕ್ಸ್ ಹಳತಾದ ದಿನ ಚಿನ್ನದಂಥ ಗಾಜೂ ಅದರೊಡನೆ ಹಳತಾಗುತ್ತದೆ. ಒಳ್ಳೆಯ ದುರ್ಬೀನು ಇಪ್ಪತ್ತು ವರ್ಷ ಬಾಳುತ್ತದೆ, ಸರ್ಕ್ಯೂಟಿಗೆ ಆ ಆಯುಸ್ಸಿಲ್ಲ. ಜೇಬಿನಲ್ಲೊಂದು ಪುಟ್ಟ ರೇಂಜ್‌ಫೈಂಡರ್ ಬೇರೆ ಇರಲಿ.

ಥರ್ಮಲ್ ಸಾಧನ ಶಾಖವನ್ನು ಹುಡುಕುತ್ತದೆ. ಪೊದೆಯಲ್ಲಿ ಏನೋ ಇದೆ ಎಂದು ಹೇಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಅದು ಗಂಡೋ ಹೆಣ್ಣೋ ಎಂದು ಹೇಳುವುದರಲ್ಲಿ ಬಡವ. ಬೇಟೆಯಲ್ಲಿ ಅದನ್ನು ಬಳಸಲು ಹಲವೆಡೆ ನಿಷೇಧವೂ ಇದೆ. ದುರ್ಬೀನಿನ ಬದಲಿಗೆ ಅದಲ್ಲ.

ಅಕ್ಕಪಕ್ಕ ಹಿಡಿದು ನೋಡುವುದು ಹೇಗೆ

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ, ಎದುರು ಗೋಡೆಯ ಬೋರ್ಡು ಓದಿ ದುರ್ಬೀನು ಆರಿಸಬೇಡಿ. ಆ ಬೆಳಕಿನಲ್ಲಿ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ. ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಯಾರಿಂದಾದರೂ ಎರವಲು ತನ್ನಿ, ಅಥವಾ ಹಿಂದಿರುಗಿಸಲು ಅವಕಾಶ ಕೊಡುವ ಕಡೆ ಕೊಳ್ಳಿ. ನಿಮ್ಮ ಹಳೆಯದನ್ನು ಶುಚಿ ಮಾಡಿ ಜೊತೆಗೆ ಒಯ್ಯಿರಿ. ಎರಡಕ್ಕೂ ಡಯಾಪ್ಟರ್ ಸರಿ ಮಾಡಿ. ಹೊತ್ತು ಮುಳುಗುವ ಒಂದು ಗಂಟೆ ಮೊದಲು ಹೊರಗೆ ಕೂರಿ.

ಮೊದಲು ಸೂರ್ಯನ ಪಕ್ಕದಲ್ಲಿ, ಅದರ ಕೆಳಗಿನ ಮರದ ನೆರಳು ನೋಡಿ. ಸೂರ್ಯನನ್ನು ನೇರ ನೋಡುವ ಹುಡುಗಾಟಿಕೆ ಬೇಡ, ದುರ್ಬೀನಿನಲ್ಲಿ ಅದು ಕಣ್ಣನ್ನೇ ಸುಡುತ್ತದೆ. ನೆರಳಿನೊಳಗಿನ ತೊಗಟೆಯ ಬಿರುಕು ಯಾವುದರಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ? ಬೆಳ್ಳನೆಯ ಆಕಾಶಕ್ಕೆ ಚಾಚಿದ ಬೋಳು ಕೊಂಬೆಯ ಅಂಚಿಗೆ ನೇರಳೆ, ಹಸಿರು ಗೆರೆ ಯಾವುದರಲ್ಲಿ ಹೆಚ್ಚು? ಆಮೇಲೆ ಎರಡನ್ನೂ ಟ್ರೈಪಾಡಿಗೆ ಏರಿಸಿ ತಲಾ ಇಪ್ಪತ್ತು ನಿಮಿಷ, ಒಂದೇ ಪೊದೆಯ ಸಾಲನ್ನು ಎಡದಿಂದ ಬಲಕ್ಕೆ ಸೋಸಿ. ಯಾವುದರ ನಂತರ ಕಣ್ಣು ಉಜ್ಜಿಕೊಂಡಿರಿ ಎಂಬುದನ್ನು ಗಮನಿಸಿ. ಕಡೆಗೆ ಬೆಳಕು ಸಾಯುವಾಗ, ಹಳೆಯದರಲ್ಲಿ ಪೊದೆ ಬರೀ ಕಪ್ಪು ಗುಡ್ಡೆಯಾದ ಹೊತ್ತನ್ನು ಗಡಿಯಾರದಲ್ಲಿ ನೋಡಿ ಬರೆದಿಡಿ, ಹೊಸದರಲ್ಲೂ ಬರೆದಿಡಿ. ನಾನು ಇಂಥ ಪರೀಕ್ಷೆ ಮಾಡಿದಾಗ ಒಂದೇ ಅಂಕಿಯ ಎರಡು ದುರ್ಬೀನುಗಳ ನಡುವೆ ಸಿಕ್ಕ ವ್ಯತ್ಯಾಸ ಕೆಲವೇ ನಿಮಿಷ. 10×42ರಿಂದ 8×42ಕ್ಕೆ ಬಂದಾಗ ಅದಕ್ಕಿಂತ ಹೆಚ್ಚು. ನಿಮ್ಮ ಕಣ್ಣಿನ ಲೆಕ್ಕ ಬೇರೆ ಇರಬಹುದು, ಅದಕ್ಕೇ ಗಡಿಯಾರ.

ಆ ಕೆಲವು ನಿಮಿಷವೇ ನಿಮ್ಮ ಇಡೀ ಬೇಟೆಯ ಋತುವಿನ ತಿರುಳು ಎಂದಾದರೆ, ಟ್ರೈಪಾಡು ಈಗಾಗಲೇ ಇದ್ದರೆ, ದಿನಗಟ್ಟಲೆ ಕೂತು ನೋಡುವ ಜಾತಿಯವರು ನೀವಾದರೆ ಕೊಳ್ಳಿ, ಹಿಂಜರಿಯಬೇಡಿ. ಟ್ರೈಪಾಡು ಇಲ್ಲದಿದ್ದರೆ ಮೊದಲು ಅದು. 10ರ ಶಕ್ತಿ ಹಿಡಿದು ಮಬ್ಬಿನಲ್ಲಿ ಪರದಾಡುತ್ತಿದ್ದರೆ ಮೊದಲು ಅದೇ ದರ್ಜೆಯ 8. ಗುಡ್ಡ ಹತ್ತುವವರಾದರೆ ಗಾಜಿನ ಮುಂಚೆ ಎದೆಗೆ ಕಟ್ಟುವ ಹಾರ್ನೆಸ್, ಕತ್ತು ನೋಯುವವರು ದುರ್ಬೀನು ಎತ್ತುವುದನ್ನೇ ಕಡಿಮೆ ಮಾಡುತ್ತಾರೆ. ನಾನಂತೂ ಮೇಲ್ದರ್ಜೆಗೆ ಏರಿದ್ದು ಇವೆಲ್ಲ ಆಗಿ ಎಷ್ಟೋ ವರ್ಷದ ಮೇಲೆ, ಅದೂ ಇಳಿಬಿಸಿಲಿನ ಆ ಬಿಳಿ ತೆರೆಯ ಕಾಟ ತಾಳಲಾರದೆ.

ಹೊಸದು ಬಂದ ಮೇಲೆ ಹಳೆಯದನ್ನು ಬಂದಷ್ಟಕ್ಕೆ ಮಾರಿಬಿಡುವುದು ರೂಢಿ. ನಾನು ಮಾರಲಿಲ್ಲ. ಇಬ್ಬರು ಹೋದಾಗ ಎರಡನೆಯವನ ಕೊರಳಿಗೆ ಅದು. ಒಂದೇ ದುರ್ಬೀನನ್ನು ಕೈಯಿಂದ ಕೈಗೆ ದಾಟಿಸುತ್ತ "ಎಲ್ಲಿ, ಎಲ್ಲಿ" ಎನ್ನುವಷ್ಟರಲ್ಲಿ ಪೊದೆ ಖಾಲಿಯಾಗಿರುತ್ತದೆ.